ಯಾರ ಹಾಡು, ಯಾವ ಕೇಂದ್ರ? ಗೋವಾದ ಬಾನುಲಿಯೂ ಕೊಂಕಣಿ ಸಂಗೀತದ ಗುರುತೂ

ಪಣಜಿಯಿಂದ ಮಡಗಾಂವಿಗೆ ಸಾಗುವ ಹೆದ್ದಾರಿಯಲ್ಲಿ, ಜುವಾರಿ ನದಿಯನ್ನು ದಾಟಿದ ಮೇಲೆ ಸಿಗುವ ಊರು ವೆರ್ಣಾ. ಸಾಷ್ಟಿ ತಾಲ್ಲೂಕಿಗೆ ಸೇರಿದ ಈ ಊರಿನ ಕೆಂಪುಕಲ್ಲಿನ ದಿಣ್ಣೆಯ ಮೇಲೆ ಇಂದು ಗೋವಾದ ದೊಡ್ಡ ಕೈಗಾರಿಕಾ ವಸಾಹತು ನಿಂತಿದೆ. ಇಳಿಜಾರಿನ ಕೆಳಗೆ ಗದ್ದೆಗಳು, ಇಗರ್ಜಿ, ಕೊಂಕಣ ರೈಲ್ವೆಯ ನಿಲ್ದಾಣ ಇವೆ. ಮ್ಹಾಳಸಾ ದೇವಿಯ ಮೂಲಸ್ಥಾನ ಇದೇ ಊರು. 16ನೆಯ ಶತಮಾನದ ದೇವಾಲಯ ಧ್ವಂಸದ ಕಾಲದಲ್ಲಿ ದೇವಿಯನ್ನು ನದಿಯಾಚೆಯ ಫೋಂಡಾ ಸೀಮೆಗೆ ಒಯ್ಯಲಾಯಿತು. ಈಗಿನ ಮಾರ್ದೋಳ ಆ ವಲಸೆಯ ನೆಲೆ. ಕರಾವಳಿ ಕರ್ನಾಟಕದ ಅನೇಕ ಕೊಂಕಣಿ ಮನೆತನಗಳು ತಮ್ಮ ಕುಲದೇವತೆಯ ಮೂಲವನ್ನು ಹೇಳುವಾಗ ವೆರ್ಣಾದ ಹೆಸರು ಬರುವುದು ಈ ಕಾರಣದಿಂದ.

ಈ ಊರಿನಲ್ಲಿ ಒಂದು ಬಾನುಲಿ ಪೆಟ್ಟಿಗೆಯನ್ನು ಇರಿಸಿ, ಇಲ್ಲಿಗೆ 'ಸ್ಥಳೀಯ' ಸಂಗೀತ ಯಾವುದು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಕೆಲವೇ ಕಿಲೋಮೀಟರು ದೂರದ ಮಜೋರ್ಡಾದಲ್ಲಿ ಹುಟ್ಟಿದ ಆಂಥನಿ ಗೊನ್ಸಾಲ್ವಿಸ್ ಮುಂಬಯಿಯ ಹಿಂದಿ ಚಿತ್ರಗಳಿಗೆ ಪಿಟೀಲು ನುಡಿಸಿ, ವಾದ್ಯವೃಂದ ಸಂಯೋಜಿಸಿ, ಪ್ಯಾರೇಲಾಲರಂಥ ಸಂಗೀತ ನಿರ್ದೇಶಕರಿಗೆ ಗುರುವಾದರು. ಪೂರ್ವದ ಲೋಟಲಿಯಲ್ಲಿ ತೊರ್ಕಾತೊ ದೆ ಫಿಗೆರೆದೊ ಅವರು ಕೊಂಕಣಿ ಮಾಂಡೊಗಳನ್ನು ರಚಿಸಿದರು. ನದಿಯಾಚೆ, ಮಾರ್ದೋಳದ ನೆರೆಯ ಮಂಗೇಶಿಯಿಂದ ದೀನಾನಾಥ ಮಂಗೇಶಕರರೂ ಜಿತೇಂದ್ರ ಅಭಿಷೇಕಿಯವರೂ ಮರಾಠಿ ರಂಗಭೂಮಿಗೆ ಹೋದರು. ದಿಣ್ಣೆಯ ಮೇಲಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳವರೂ ಇದ್ದಾರೆ; ಅವರ ಮನೆಗಳಲ್ಲಿ ಕೇಳುವುದು ಕನ್ನಡ. ಹೀಗಿರುವಾಗ ಗೋವಾದ ಬಾನುಲಿ ಕೇಂದ್ರವೊಂದು ಯಾವ ಹಾಡನ್ನು ತನ್ನದೆಂದು ಪ್ರಸಾರ ಮಾಡಬೇಕು?

ಗೋವಾದ ಬಾನುಲಿಗೆ ಸ್ಪಷ್ಟವಾದ ಸಂಗೀತದ ಗುರುತಿಲ್ಲ ಎಂಬ ಮಾತು ಹಿಂದಿನಿಂದಲೂ ಇದೆ. ಹಿಂದಿ ಚಿತ್ರಗೀತೆ, ಪಾಶ್ಚಾತ್ಯ ಗೀತೆ, ಮರಾಠಿ ನಾಟ್ಯಗೀತೆ, ಕೊಂಕಣಿ ಕಾಂತಾರ ಎಲ್ಲವೂ ಒಂದೇ ದಿನದ ಪ್ರಸಾರದಲ್ಲಿ ಬಂದುಹೋಗುತ್ತವೆ. ಇದನ್ನು ಕಾರ್ಯಕ್ರಮ ನಿರ್ವಾಹಕರ ಅಭಿರುಚಿಯ ದೋಷ ಎನ್ನುವುದು ಸುಲಭ. ಆದರೆ ಈ ಅಸ್ಪಷ್ಟತೆಗೆ ಇತಿಹಾಸವಿದೆ. ಗೋವಾದಲ್ಲಿ ಹಾಡಿನ ಆಯ್ಕೆಯು ಪ್ರತಿಯೊಂದು ಕಾಲದಲ್ಲೂ ಭಾಷೆಯ ಸ್ಥಾನಮಾನದ ಕುರಿತ ತೀರ್ಮಾನವಾಗಿತ್ತು. ಆ ತೀರ್ಮಾನವನ್ನು ಕೈಗೊಂಡವರು ಬಹುಪಾಲು ಕೊಂಕಣಿಯ ಹೊರಗಿದ್ದವರು. ಪ್ರಸ್ತುತ ಲೇಖನವು ಈ ಸಂಬಂಧವನ್ನು ಎಮಿಸ್ಸೋರಾ ದೆ ಗೋವಾದಿಂದ ಇಂದಿನ ಎಫ್‌ಎಂ ಕೇಂದ್ರಗಳವರೆಗೆ ಗುರುತಿಸುತ್ತದೆ.

1. ಬಾನುಲಿಗಿಂತ ಮೊದಲು

ಸಂಗೀತದ ಮೂಲಕ ಸಮುದಾಯದ ಗುರುತನ್ನು ತಿದ್ದುವ ಯತ್ನ ಗೋವಾಕ್ಕೆ ಹೊಸದಾಗಿರಲಿಲ್ಲ. 1684ರಲ್ಲಿ ಪೋರ್ಚುಗೀಸ್ ಆಡಳಿತವು ಕೊಂಕಣಿಯ ಬಳಕೆಯನ್ನು ತೊಡೆದುಹಾಕಲು ಆಜ್ಞೆ ಹೊರಡಿಸಿತು. 1736ರಲ್ಲಿ ಧರ್ಮವಿಚಾರಣಾ ಸಭೆಯು, ಮತಾಂತರಗೊಂಡ ಕ್ರೈಸ್ತರು ಮದುವೆಗಳಲ್ಲಿ ವೊವಿಯೊ ಹಾಡುವುದನ್ನು ಇತರ ಅನೇಕ ಆಚಾರಗಳೊಂದಿಗೆ ನಿಷೇಧಿಸಿತು. ಅದೇ ಕಾಲಮಾನದಲ್ಲಿ ಇಗರ್ಜಿಗಳಿಗೆ ಹೊಂದಿಕೊಂಡ ಪ್ಯಾರಿಷ್ ಶಾಲೆಗಳು ಹಳ್ಳಿಯ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದವು. ಒಂದು ಕೈ ಹಾಡನ್ನು ಕಸಿದುಕೊಂಡಿತು, ಇನ್ನೊಂದು ಕೈ ಬೇರೊಂದು ಸಂಗೀತವನ್ನು ಕೊಟ್ಟಿತು.

ಕೊಟ್ಟದ್ದನ್ನು ಪಡೆದವರು ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು ಎಂಬುದೇ ಮುಂದಿನ ಕಥೆ. 19ನೆಯ ಶತಮಾನದಲ್ಲಿ ಸಾಷ್ಟಿಯ ಭೂಮಾಲಿಕ ಮನೆಗಳ ನಡುಮನೆಯಲ್ಲಿ ಮಾಂಡೊ ರೂಪುಗೊಂಡಿತು. ಅದರ ಸ್ವರಮೇಳ ಯುರೋಪಿನದು, ಪಕ್ಕವಾದ್ಯಗಳಲ್ಲಿ ಪಿಟೀಲಿನ ಜೊತೆಗೆ ಮಣ್ಣಿನ ಘುಮಟೆ, ಮಾತು ಕೊಂಕಣಿ. ನಿಧಾನವಾದ ಮಾಂಡೊವಿನ ಹಿಂದೆ ಚುರುಕಾದ ದುಲ್ಪದ ಬರುತ್ತದೆ. ಈ ಹಾಡುಗಳನ್ನು ದಶಕಗಳ ಕಾಲ ಸಂಗ್ರಹಿಸಿದ ಜೋಸ್ ಪಿರೇರಾ ಮತ್ತು ಮಿಕಾಯೆಲ್ ಮಾರ್ತಿನ್ಸ್ ಅವರ ಕೆಲಸದಿಂದಾಗಿ ಇಂದು ಮಾಂಡೊವಿನ ಇತಿಹಾಸವನ್ನು ಓದಲು ಸಾಧ್ಯವಾಗಿದೆ. ಇತ್ತ ಮುಂಬಯಿಗೆ ಹೋದ ಗೋವನ್ನರು 1892ರಲ್ಲಿ ತಿಯಾತ್ರ್ ಎಂಬ ರಂಗಪ್ರಕಾರವನ್ನು ಕಟ್ಟಿದರು. ನಾಟಕದ ಕಥೆಗೆ ಸಂಬಂಧವೇ ಇಲ್ಲದೆ ನಡುನಡುವೆ ಬರುವ ಅದರ ಕಾಂತಾರಗಳು ಸಮಕಾಲೀನ ವಿಡಂಬನೆಗೆ ಹೆಸರಾದವು.

ಹೀಗೆ ಬಾನುಲಿ ಬರುವ ಹೊತ್ತಿಗೆ ಕೊಂಕಣಿಯಲ್ಲಿ ಹಾಡಿಗೆ ಕೊರತೆ ಇರಲಿಲ್ಲ. ಹಿಂದೂ ಹೆಂಗಸರ ಧಾಲೊ ಮತ್ತು ಫುಗಡಿ, ಕುಣಬಿ ಹಾಡು, ಮಾಂಡೊ, ದೆಖ್ಣಿ, ಕಾಂತಾರ ಎಲ್ಲವೂ ಇದ್ದವು. ಇವೆಲ್ಲವನ್ನೂ 'ಕೊಂಕಣಿ ಸಂಗೀತ' ಎಂಬ ಒಂದೇ ಹೆಸರಿನಡಿ ತರುವ ಸಂಸ್ಥೆ ಮಾತ್ರ ಇರಲಿಲ್ಲ.

2. ಎಮಿಸ್ಸೋರಾ ದೆ ಗೋವಾ

ಎಮಿಸ್ಸೋರಾ ದೆ ಗೋವಾ 1946ರಲ್ಲಿ ಪ್ರಸಾರ ಆರಂಭಿಸಿತು. ಸಾಲಝಾರರ ಆಳ್ವಿಕೆಯ ಪೋರ್ಚುಗಲ್‌ಗೆ ಬಾನುಲಿಯು ಸಾಮ್ರಾಜ್ಯವನ್ನು ಒಗ್ಗೂಡಿಸುವ ಸಾಧನವಾಗಿತ್ತು. ಆ ದೃಷ್ಟಿಯಿಂದ ಪೋರ್ಚುಗೀಸ್ ಭಾಷೆಗೂ ಸಂಗೀತಕ್ಕೂ ಮೊದಲ ಮನ್ನಣೆ ಇತ್ತು. ಆದರೆ ಗೋವಾದ ಬಹುಸಂಖ್ಯಾತ ಜನ ಪೋರ್ಚುಗೀಸ್ ಮಾತಾಡುವವರಲ್ಲ. ಅವರನ್ನು ತಲುಪಬೇಕಾದರೆ ಕೊಂಕಣಿ, ಮರಾಠಿಗಳು ಬೇಕಾಗಿದ್ದವು. ಭಾರತದ ಕೇಳುಗರನ್ನು ಸೆಳೆಯಬೇಕಾದರೆ ಇನ್ನೂ ಒಂದು ಸಂಗತಿ ಬೇಕಾಗಿತ್ತು: ಹಿಂದಿ ಚಿತ್ರಗೀತೆ.

ಇಲ್ಲಿ ದೆಹಲಿಯ ನೀತಿಯೊಂದು ಪಣಜಿಗೆ ಅನುಕೂಲವಾಗಿ ಪರಿಣಮಿಸಿತು. 1952ರಲ್ಲಿ ಮಾಹಿತಿ ಮತ್ತು ಪ್ರಸಾರ ಖಾತೆಯನ್ನು ವಹಿಸಿಕೊಂಡ ಬಿ. ವಿ. ಕೇಸಕರರು ಶಾಸ್ತ್ರೀಯ ಸಂಗೀತದ ಮೂಲಕ ರಾಷ್ಟ್ರದ ಅಭಿರುಚಿಯನ್ನು ರೂಪಿಸಬಹುದೆಂದು ನಂಬಿದ್ದರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದವು. ಕೇಳುಗರು ಪೆಟ್ಟಿಗೆಯ ಮುಳ್ಳನ್ನು ತಿರುಗಿಸಿದರು. ರೇಡಿಯೊ ಸಿಲೋನ್ ಮತ್ತು ಅದರ ಬಿನಾಕಾ ಗೀತಮಾಲಾ ಈ ಪ್ರಸಂಗದಲ್ಲಿ ಎಲ್ಲರಿಗೂ ನೆನಪಾಗುತ್ತವೆ. ರೇಡಿಯೊ ಗೋವಾ ಕೂಡ ಆ ಕೇಳುಗರ ಒಂದು ಪಾಲನ್ನು ಪಡೆಯಿತು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಭಾರತದ ವಿರುದ್ಧ ತನ್ನ ಒಡೆತನವನ್ನು ಸಾರುತ್ತಿದ್ದ ಒಂದು ವಸಾಹತು ಕೇಂದ್ರವು, ಭಾರತದ ಸರಕಾರವೇ ಹೊರಗಿಟ್ಟ ಭಾರತೀಯ ಹಾಡುಗಳನ್ನು ಭಾರತೀಯರಿಗೆ ಕೇಳಿಸುತ್ತಿತ್ತು.

ಆ ಹಾಡುಗಳ ವಾದ್ಯವೃಂದದಲ್ಲಿ ಗೋವಾದವರೇ ತುಂಬಿದ್ದರು ಎಂಬುದನ್ನೂ ಇಲ್ಲಿ ಗಮನಿಸಬೇಕು. ಸ್ವರಲಿಪಿ ಬಲ್ಲ ವಾದ್ಯಗಾರರ ಅಗತ್ಯವಿದ್ದ ಮುಂಬಯಿಯ ಸ್ಟುಡಿಯೊಗಳಿಗೆ ಪ್ಯಾರಿಷ್ ಶಾಲೆಗಳ ವಿದ್ಯಾರ್ಥಿಗಳು ಒದಗಿಬಂದರು. ಸೆಬಾಸ್ಟಿಯನ್ ಡಿಸೋಜಾ, ಚಿಕ್ ಚಾಕೊಲೆಟ್, ಫ್ರಾಂಕ್ ಫರ್ನಾಂಡ್ ಮೊದಲಾದವರ ಕೈವಾಡವಿಲ್ಲದೆ ಆ ಕಾಲದ ಚಿತ್ರಸಂಗೀತದ ನಾದವನ್ನು ಊಹಿಸಲಾಗದು. ಹೀಗಾಗಿ ಪಣಜಿಯಿಂದ ಪ್ರಸಾರವಾದ ಹಿಂದಿ ಹಾಡನ್ನು 'ಹೊರಗಿನದು' ಎಂದು ತಳ್ಳಿಹಾಕುವುದೂ ಕಷ್ಟ. ಅದರಲ್ಲಿ ಗೋವಾದ ದುಡಿಮೆ ಇತ್ತು, ಗೋವಾದ ಹೆಸರು ಇರಲಿಲ್ಲ. ಸಂಗೀತದ ಗುರುತು ಅಸ್ಪಷ್ಟವಾಗುವ ಬಗೆಗಳಲ್ಲಿ ಇದೂ ಒಂದು: ನುಡಿಸಿದವರ ಭಾಷೆ ಹಾಡಿನಲ್ಲಿ ಕೇಳಿಸುವುದಿಲ್ಲ.

3. ಕ್ಯಾಸಲ್‌ರಾಕ್‌ನ ದನಿ

ಇದೇ ಕಾಲದಲ್ಲಿ ಗಡಿಯ ಈಚೆಯಿಂದ ಇನ್ನೊಂದು ಬಾನುಲಿ ಮಾತಾಡತೊಡಗಿತು. 1955ರ ಆಗಸ್ಟ್ 15ರ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪಡೆ ಗುಂಡು ಹಾರಿಸಿದ ಮೇಲೆ, ಆ ವರ್ಷದ ನವೆಂಬರ್ 25ರಂದು ಒಂದು ಗುಪ್ತ ಕೇಂದ್ರ ಪ್ರಸಾರ ಆರಂಭಿಸಿತು. ಪೋರ್ಚುಗೀಸಿನಲ್ಲಿ ಅದರ ಹೆಸರು ವೋಜ್ ದ ಲಿಬರ್ದಾದೆ, ಕೊಂಕಣಿಯಲ್ಲಿ ಗೋಂಯ್ಚೆ ಸೊಡವಣೆಚೊ ಆವಾಜ್. ಇದನ್ನು ನಡೆಸಿದವರು ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ. ಮೊದಲು ಅಂಬೋಲಿಯ ಕಾಡಿನಲ್ಲಿದ್ದ ಪ್ರೇಷಕ ಅನಂತರ ಕ್ಯಾಸಲ್‌ರಾಕ್‌ಗೆ ಬಂತು. ಬ್ರಿಟಿಷ್ ಭಾರತ ಮತ್ತು ಪೋರ್ಚುಗೀಸ್ ಭಾರತದ ರೈಲುಗಳು ಸಂಧಿಸುತ್ತಿದ್ದ ಈ ಗಡಿಯೂರು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಕನ್ನಡ ನಾಡಿನ ನೆಲದಿಂದ ಹಲವು ವರ್ಷಗಳ ಕಾಲ ಕೊಂಕಣಿಯಲ್ಲಿ ಸ್ವಾತಂತ್ರ್ಯದ ಮಾತು ಹರಿದದ್ದು ಎರಡೂ ಭಾಷೆಗಳ ಬಾನುಲಿ ಇತಿಹಾಸಗಳಲ್ಲಿ ಸ್ಥಾನ ಪಡೆಯಬೇಕಾದ ಸಂಗತಿ. ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ ಪದ್ಮಶ್ರೀ ಗೌರವ ಬಂದದ್ದು 2025ರಲ್ಲಿ.

ಎಮಿಸ್ಸೋರಾದೊಂದಿಗೆ ಹೋಲಿಸಿದಾಗ ಈ ಕೇಂದ್ರದ ವೈಶಿಷ್ಟ್ಯ ಎದ್ದು ಕಾಣುತ್ತದೆ. ಎಮಿಸ್ಸೋರಾದ ಬಳಿ ಧ್ವನಿಮುದ್ರಿಕೆಗಳೂ ಸ್ಟುಡಿಯೊವೂ ಇದ್ದವು. ಕಾಡಿನ ಕೇಂದ್ರದ ಬಳಿ ಇದ್ದದ್ದು ಮಾತು. ಪ್ರಚಾರಕ್ಕೆ ಪ್ರತ್ಯುತ್ತರ, ಸುದ್ದಿ, ಆಫ್ರಿಕದ ಪೋರ್ಚುಗೀಸ್ ವಸಾಹತುಗಳ ಹೋರಾಟದ ವಿವರ ಅದರ ಹೂರಣ. ಅದರ ಗುರುತಿನ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ, ಏಕೆಂದರೆ ಅದು ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ ಎಂಬುದು ಸ್ಪಷ್ಟವಾಗಿತ್ತು. 1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆ ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿ ಗೋವಾದ ಹೊರಸಂಪರ್ಕವನ್ನು ಕಡಿಯಿತು. ಮರುದಿನ ಗೋವಾ ವಿಮೋಚನೆಗೊಂಡಿತು. ಆ ಸುದ್ದಿಯನ್ನು ಲಿಬಿಯಾ ಮತ್ತು ವಾಮನ ವಿಮಾನದಿಂದ ಧ್ವನಿವರ್ಧಕದ ಮೂಲಕ ಸಾರಿದರು. ಗುಪ್ತ ಕೇಂದ್ರದ ಕೆಲಸ ಅಲ್ಲಿಗೆ ಮುಗಿಯಿತು. ಕೊಂಕಣಿಯಲ್ಲಿ ಮಾತಾಡುವುದು ಹೇಗೆ ಎಂಬುದನ್ನು ಅದು ತೋರಿಸಿತ್ತು. ಕೊಂಕಣಿಯಲ್ಲಿ ಯಾವುದನ್ನು ಹಾಡಬೇಕು ಎಂಬ ಪ್ರಶ್ನೆ ಉಳಿದೇ ಇತ್ತು.

4. ಆಕಾಶವಾಣಿಯ ನಾಲ್ಕು ಖಾನೆಗಳು

ವಿಮೋಚನೆಯ ಬಳಿಕ ಪಣಜಿಯ ಕೇಂದ್ರ ಆಕಾಶವಾಣಿಯದಾಯಿತು. ಅದರೊಂದಿಗೆ ಆಕಾಶವಾಣಿಯ ಸಂಗೀತ ವ್ಯವಸ್ಥೆಯೂ ಬಂತು: ಧ್ವನಿಪರೀಕ್ಷೆ, ಕಲಾವಿದರ ದರ್ಜೆ, ಪ್ರಕಾರಗಳ ವಿಂಗಡಣೆ. ಈ ವ್ಯವಸ್ಥೆ ಸಾವಿರಾರು ಕಲಾವಿದರಿಗೆ ಜೀವನೋಪಾಯ ಮತ್ತು ಮನ್ನಣೆ ಕೊಟ್ಟಿತು ಎಂಬುದು ನಿಜ. ಆದರೆ ಅದರ ಖಾನೆಗಳು ರೂಪುಗೊಂಡದ್ದು ಗೋವಾವನ್ನು ಕಂಡಲ್ಲ. ಸ್ಥೂಲವಾಗಿ ಶಾಸ್ತ್ರೀಯ, ಸುಗಮ, ಜಾನಪದ, ಪಾಶ್ಚಾತ್ಯ ಎಂಬ ನಾಲ್ಕು ಖಾನೆಗಳಲ್ಲಿ ಗೋವಾದ ಸಂಗೀತವನ್ನು ಹಂಚಿದರೆ ಏನಾಗುತ್ತದೆ ಎಂಬುದನ್ನು ನೋಡಬಹುದು.

ಶಾಸ್ತ್ರೀಯ ಎಂದರೆ ಹಿಂದುಸ್ತಾನಿ. ಕೇರಿಯ ಕೇಸರಬಾಯಿ ಕೇರಕರ, ಕುರ್ಡಿಯ ಮೋಗೂಬಾಯಿ ಕುರ್ಡೀಕರ ಅವರನ್ನು ಕೊಟ್ಟ ನಾಡು ಈ ಖಾನೆಯಲ್ಲಿ ಶ್ರೀಮಂತವಾದುದು. ಆದರೆ ಅಲ್ಲಿನ ಚೀಜುಗಳ ಭಾಷೆ ಬ್ರಜ್ ಮತ್ತು ಹಿಂದಿ. ಸುಗಮ ಸಂಗೀತಕ್ಕೆ ಬಂದರೆ ನಾಟ್ಯಗೀತೆ, ಭಾವಗೀತೆ, ಅಭಂಗಗಳ ಸಿದ್ಧ ಭಂಡಾರವಿದ್ದದ್ದು ಮರಾಠಿಯಲ್ಲಿ. ಜಾನಪದದಲ್ಲಿ ಧಾಲೊ, ಫುಗಡಿಗಳಿಗೆ ಜಾಗ ದೊರೆಯಿತು, ಅಂದರೆ ಕೊಂಕಣಿಯ ಪಾಲಿಗೆ ಹಳ್ಳಿಯ ಸ್ಥಾನ. ಪಾಶ್ಚಾತ್ಯ ಎಂಬ ಖಾನೆ ವಾದ್ಯ ಮತ್ತು ಸ್ವರಮೇಳವನ್ನು ನೋಡುತ್ತದೆ, ಭಾಷೆಯನ್ನಲ್ಲ.

ಹಾಗಾದರೆ ಮಾಂಡೊ ಎಲ್ಲಿಗೆ ಸೇರಬೇಕು? ಅದಕ್ಕೆ ಗೊತ್ತಾದ ರಚನಕಾರರಿದ್ದಾರೆ, ಆದ್ದರಿಂದ ಜಾನಪದವೆಂದು ಪೂರ್ತಿ ಹೇಳಲಾಗದು. ಸ್ವರಮೇಳವಿದೆ, ಆದರೆ ಸಾಹಿತ್ಯ ಮತ್ತು ಘುಮಟೆಯಿಂದಾಗಿ ಅದು ಪಾಶ್ಚಾತ್ಯವಲ್ಲ. ತಿಯಾತ್ರದ ಕಾಂತಾರ ಇನ್ನೂ ತೊಡಕಿನದು. ವ್ಯಕ್ತಿ, ಪಕ್ಷಗಳನ್ನು ಹೆಸರು ಹಿಡಿದು ಚುಚ್ಚುವುದೇ ರಾಜಕೀಯ ಕಾಂತಾರದ ಸತ್ವ. ಸರಕಾರಿ ಪ್ರಸಾರದ ಸಂಹಿತೆ ಒಪ್ಪದಿರುವುದೂ ಅದನ್ನೇ. ತಿಯಾತ್ರದ ಕಲಾವಿದರು ಬಾನುಲಿಯಲ್ಲಿ ಹಾಡಿದರು, ಜನಪ್ರಿಯರಾದರು. ಆದರೆ ರಂಗದ ಮೇಲಿನ ಕಾಂತಾರ ಮತ್ತು ಬಾನುಲಿಯ ಕಾಂತಾರ ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಇದೇ ದಶಕದಲ್ಲಿ ಮಡಗಾಂವಿನ ಕ್ರಿಸ್ ಪೆರಿ ಜಾಝ್ ಮತ್ತು ಲ್ಯಾಟಿನ್ ಲಯಗಳಿಗೆ ಕೊಂಕಣಿಯ ಮಾತನ್ನು ಕೂಡಿಸಿ ಹೊಸ ಹಾಡನ್ನು ಕಟ್ಟಿದರು. 'ಆಮ್ಚೆಂ ನಶೀಬ್' (1963) ಮತ್ತು 'ನಿರ್ಮೊಣ್' (1966) ಚಿತ್ರಗಳ ಸಂಗೀತ ಅವರದು. ಲೋರ್ನಾ ಅವರ ಕಂಠದಲ್ಲಿ ಆ ಬಗೆಯ ಹಾಡು ಗೋವಾದ ಮನೆಮನೆಯನ್ನೂ ತಲುಪಿತು. ಶಾಸ್ತ್ರೀಯವಲ್ಲದ, ಜಾನಪದವಲ್ಲದ, ಯಾರ ಅಪ್ಪಣೆಗೂ ಕಾಯದ ನಗರದ ಕೊಂಕಣಿ ಅದರಲ್ಲಿತ್ತು. ಕೇಳುಗರ ಮಟ್ಟಿಗೆ ಅದರ ಗುರುತಿನಲ್ಲಿ ಗೊಂದಲವಿರಲಿಲ್ಲ. ಗೊಂದಲ ಇದ್ದದ್ದು ಖಾನೆಗಳಲ್ಲಿ.

ಭಾಷೆಯ ರಾಜಕಾರಣವೂ ಆಗ ಕಾವೇರಿತ್ತು. ಕೊಂಕಣಿ ಸ್ವತಂತ್ರ ಭಾಷೆಯೋ ಮರಾಠಿಯ ಉಪಭಾಷೆಯೋ ಎಂಬ ವಾದದ ಹಿಂದೆ ಗೋವಾ ಮಹಾರಾಷ್ಟ್ರದಲ್ಲಿ ಲೀನವಾಗಬೇಕೇ ಎಂಬ ಪ್ರಶ್ನೆ ಇತ್ತು. 1967ರ ಜನವರಿ 16ರ ಜನಮತಗಣನೆಯಲ್ಲಿ ವಿಲೀನದ ಪಕ್ಷ 34,021 ಮತಗಳಿಂದ ಸೋತಿತು. ಆ ಪ್ರಚಾರದಲ್ಲಿ ಉಲ್ಹಾಸ ಬುಯಾಂವ್ ಅವರ ಕೊಂಕಣಿ ಹಾಡುಗಳು ಸಭೆಯಿಂದ ಸಭೆಗೆ ಹೋದವು. ಕೊಂಕಣಿ ಹಾಡಿಗೆ ಸಾರ್ವಜನಿಕ ಗುರುತನ್ನು ತಂದುಕೊಟ್ಟದ್ದು ಸ್ಟುಡಿಯೊಕ್ಕಿಂತ ಹೆಚ್ಚಾಗಿ ಈ ಬಯಲುಸಭೆಗಳು.

ಬಾನುಲಿಯೊಳಗಿನ ಸ್ಥಿತಿಯನ್ನು ಅರಿಯಲು ಬಾ. ಭ. ಬೋರಕರರ ಬದುಕು ಸಹಾಯಕವಾಗುತ್ತದೆ. ಪುಣೆ ಮತ್ತು ಪಣಜಿಯ ಆಕಾಶವಾಣಿಗಳಲ್ಲಿ ದುಡಿದ ಈ ಕವಿ ಮರಾಠಿಯಲ್ಲೂ ಕೊಂಕಣಿಯಲ್ಲೂ ಸಮಾನ ಶ್ರದ್ಧೆಯಿಂದ ಬರೆದರು. ಅವರ ಕೊಂಕಣಿ ಸಂಕಲನ 'ಸಾಸಾಯ' 1981ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಒಬ್ಬ ವ್ಯಕ್ತಿಯಲ್ಲಿ ಎರಡು ಭಾಷೆಗಳು ನೆಮ್ಮದಿಯಿಂದ ಬಾಳಬಲ್ಲವು. ಕಾರ್ಯಕ್ರಮ ಪಟ್ಟಿಗೆ ಆ ಸೌಲಭ್ಯವಿಲ್ಲ. ಅಲ್ಲಿ ಒಂದಕ್ಕೆ ಕೊಟ್ಟ ಅರ್ಧ ಗಂಟೆ ಇನ್ನೊಂದಕ್ಕೆ ಸಿಗದ ಅರ್ಧ ಗಂಟೆ.

5. ಧಾರವಾಡ ಮತ್ತು ಮಂಗಳೂರು

ಸಂಗೀತದ ಮಿಶ್ರಣವೇ ಗುರುತನ್ನು ಮಸುಕಾಗಿಸುತ್ತದೆಯೇ ಎಂಬುದನ್ನು ಪರೀಕ್ಷಿಸಲು ಕನ್ನಡದ ನಿದರ್ಶನ ಹತ್ತಿರದಲ್ಲೇ ಇದೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಕೇಂದ್ರ ಕರ್ನಾಟಕ ಸಂಗೀತದ ವಾತಾವರಣದ್ದು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ ಹಿಂದುಸ್ತಾನಿಯ ಮನೆ. ಮಲ್ಲಿಕಾರ್ಜುನ ಮನಸೂರರು ಅದರ ಸಂಗೀತ ಸಲಹೆಗಾರರಾಗಿದ್ದರು. ಒಂದೇ ಭಾಷೆಯ ಎರಡು ಕೇಂದ್ರಗಳು ಎರಡು ಬೇರೆ ಶಾಸ್ತ್ರೀಯ ಪದ್ಧತಿಗಳನ್ನು ಪ್ರಸಾರ ಮಾಡಿದವು. ಮೈಸೂರಿನಲ್ಲಿ ತೆಲುಗು ಕೃತಿ, ಧಾರವಾಡದಲ್ಲಿ ಬ್ರಜ್ ಚೀಜು. ಆದರೂ ಇವು ಕನ್ನಡದ ಕೇಂದ್ರಗಳಲ್ಲ ಎಂದು ಯಾರೂ ಹೇಳಲಿಲ್ಲ. ಕನ್ನಡಕ್ಕೆ ರಾಜ್ಯವಿತ್ತು, ಲಿಪಿಯಿತ್ತು, ಶಾಲೆಯಿತ್ತು. ಜೊತೆಗೆ ನವೋದಯದ ಕವಿತೆಗಳಿಂದ ಬೆಳೆದ ಸುಗಮ ಸಂಗೀತವೆಂಬ ಸ್ವಂತ ಖಾನೆಯೂ ಇತ್ತು. ಭಾಷೆಯ ಹೆಸರು ಭದ್ರವಾಗಿದ್ದರೆ ಸಂಗೀತದ ಮಿಶ್ರಣ ಸಮೃದ್ಧಿಯಾಗಿ ಕಾಣುತ್ತದೆ. ಹೆಸರೇ ವಿವಾದದಲ್ಲಿದ್ದರೆ ಅದೇ ಮಿಶ್ರಣ ಗೊಂದಲವಾಗಿ ಕಾಣುತ್ತದೆ.

ಮಂಗಳೂರಿನ ಕೊಂಕಣಿ ಅನುಭವ ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಗೋವಾದಿಂದ ವಲಸೆ ಬಂದ ಕ್ರೈಸ್ತ ಸಮುದಾಯದ ಮದುವೆಯ ರೋಸ್ ಆಚರಣೆಯಲ್ಲಿ, 1736ರಲ್ಲಿ ಅಲ್ಲಿ ನಿಷೇಧಗೊಂಡ ವೊವಿಯೊ ಇಲ್ಲಿ ಉಳಿಯಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯಲ್ಲಿ ಕನ್ನಡ, ತುಳುಗಳ ನಡುವೆ ಕೊಂಕಣಿಗೂ ವೇಳೆ ದೊರೆಯಿತು. ವಿಲ್ಫಿ ರೆಬಿಂಬಸ್ ಅವರ ಗೀತೆಗಳು ಇಲ್ಲಿ ಒಂದು ಪೀಳಿಗೆಯ ಭಾವಜೀವನವನ್ನೇ ರೂಪಿಸಿದವು. 1986ರಲ್ಲಿ ಎರಿಕ್ ಒಝೇರಿಯೊ ಅವರ ನೇತೃತ್ವದಲ್ಲಿ ಮೊದಲಾದ ಮಾಂಡ್ ಸೊಭಾಣ್ ಸಂಸ್ಥೆ ಸಂಗೀತದ ಗುರುತಿನ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ಕೊಂಕಣಿ ಮಾತನ್ನು ಪಾಶ್ಚಾತ್ಯ ಧಾಟಿಗೆ ಹೊಂದಿಸಿದರೆ ಸಾಲದು, ಹಾಡುವ ರೀತಿಯಲ್ಲೇ ಕೊಂಕಣಿತನ ಇರಬೇಕು ಎಂಬುದು ಅದರ ನಿಲುವು. ಜಾನಪದ ಲಯಗಳನ್ನು, ಘುಮಟೆಯನ್ನು ಅದು ಮತ್ತೆ ಮುಂದಕ್ಕೆ ತಂದಿತು. 2008ರ ಜನವರಿಯಲ್ಲಿ 40 ಗಂಟೆಗಳ ನಿರಂತರ ಕೊಂಕಣಿ ಗಾಯನವನ್ನು ನಡೆಸಿ ಗಿನ್ನೆಸ್ ದಾಖಲೆಗೆ ಸೇರಿತು.

ಕ್ರಿಸ್ ಪೆರಿಯವರ ದಾರಿ ಮತ್ತು ಮಾಂಡ್ ಸೊಭಾಣಿನ ದಾರಿ ಪರಸ್ಪರ ವಿರುದ್ಧ ದಿಕ್ಕಿನವು. ಯಾವ ಧಾಟಿಯನ್ನಾದರೂ ಕೊಂಕಣಿಯಲ್ಲಿ ಹಾಡಿದರೆ ಅದು ಕೊಂಕಣಿ ಸಂಗೀತ ಎನ್ನುವುದು ಒಂದರ ತರ್ಕ. ಧಾಟಿಗೂ ಭಾಷೆಯಿದೆ ಎನ್ನುವುದು ಇನ್ನೊಂದರ ತರ್ಕ. ಎರಡನೆಯದು ಬೇರನ್ನು ನೆನಪಿಸುತ್ತದೆ. ಆದರೆ ಅದನ್ನು ಏಕೈಕ ಅಳತೆಗೋಲು ಮಾಡಿದರೆ ಮಾಂಡೊವನ್ನೇ ಹೊರಗಿಡಬೇಕಾಗುವ ಅಪಾಯವಿದೆ. ಮೊದಲನೆಯದು ಬಾಗಿಲನ್ನು ತೆರೆದಿಡುತ್ತದೆ. ಆದರೆ ಪ್ಯಾರಿಷ್ ಶಾಲೆ ಬಂದ ಹಾದಿಯಲ್ಲಿ ಏನು ಕಳೆದುಹೋಯಿತು ಎಂಬುದನ್ನು ಕೇಳುವುದಿಲ್ಲ. ಇವೆರಡರ ನಡುವಿನ ವಾದವನ್ನು ಕೊಂಕಣಿ ಸಮುದಾಯವೇ ನಡೆಸಿತು ಎಂಬುದು ಮುಖ್ಯ. ಅಷ್ಟರ ಮಟ್ಟಿಗೆ ತೀರ್ಮಾನ ಒಳಗಿನವರ ಕೈಗೆ ಬಂದಿತ್ತು.

6. ಎಫ್‌ಎಂ ಕಾಲ

ಕೊಂಕಣಿ 1987ರಲ್ಲಿ ಗೋವಾದ ರಾಜಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಹೆಸರಿನ ವಿವಾದ ಕಾನೂನಿನ ಮಟ್ಟದಲ್ಲಿ ಮುಗಿಯಿತು. ರಾಜಭಾಷಾ ಕಾಯಿದೆ ದೇವನಾಗರಿ ಲಿಪಿಯ ಕೊಂಕಣಿಯನ್ನು ಗುರುತಿಸಿದ್ದರಿಂದ, ರೋಮನ್ ಲಿಪಿಯಲ್ಲಿ ಬೆಳೆದ ತಿಯಾತ್ರ್ ಮತ್ತು ಕಾಂತಾರದ ಸಮುದಾಯದಲ್ಲಿ ಅಸಮಾಧಾನ ಉಳಿಯಿತು. ಹಾಡಿಗೆ ಲಿಪಿಯಿಲ್ಲ, ಬಾನುಲಿಯಾದರೂ ಈ ಬಿರುಕನ್ನು ಮುಚ್ಚಬಹುದಿತ್ತು. ಆದರೆ ಅಷ್ಟರಲ್ಲಿ ಬಾನುಲಿಯೇ ಬದಲಾಯಿತು.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾದಾಗ ಖಾಸಗಿ ಎಫ್‌ಎಂ ಯುಗ ತೆರೆಯಿತು. 2005ರ ನೀತಿಯ ಎರಡನೆಯ ಹಂತದಲ್ಲಿ ಪಣಜಿಗೂ ಖಾಸಗಿ ಕೇಂದ್ರಗಳು ಬಂದವು: 98.3ರಲ್ಲಿ ರೇಡಿಯೊ ಮಿರ್ಚಿ, 92.7ರಲ್ಲಿ ಬಿಗ್ ಎಫ್‌ಎಂ, 91.9ರಲ್ಲಿ ರೇಡಿಯೊ ಇಂಡಿಗೊ. ಇಂಗ್ಲಿಷ್ ಹಾಗೂ ಅಂತರರಾಷ್ಟ್ರೀಯ ಸಂಗೀತಕ್ಕೆ ಹೆಸರಾದ ಇಂಡಿಗೊ ಬೆಂಗಳೂರು ಮತ್ತು ಗೋವಾ ಎರಡರಲ್ಲೂ ನೆಲೆ ಕಂಡದ್ದು ಅರ್ಥಪೂರ್ಣ. ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡು ಮಹಾನಗರದ ಒಂದು ವರ್ಗದ ಆಯ್ಕೆ. ಗೋವಾದಲ್ಲಿ ಅದರ ಹಿಂದೆ ಪ್ಯಾರಿಷ್ ಶಾಲೆ, ನೃತ್ಯಕೂಟ, ಮದುವೆಯ ಬ್ಯಾಂಡುಗಳ ದೀರ್ಘ ಪರಂಪರೆ ಇದೆ. ಒಂದೇ ಹಾಡು ಒಂದೂರಿನಲ್ಲಿ ಆಮದು, ಇನ್ನೊಂದೂರಿನಲ್ಲಿ ನೆನಪು.

ಖಾಸಗಿ ಕೇಂದ್ರಗಳಿಗೆ ಸ್ವಂತ ಸುದ್ದಿ ಪ್ರಸಾರದ ಅನುಮತಿ ಇಲ್ಲ. ಇದರ ಪರಿಣಾಮ ದೊಡ್ಡದು. ಸುದ್ದಿ, ಚರ್ಚೆಗಳಿಲ್ಲದ ಮೇಲೆ ಕೇಂದ್ರವೊಂದರ ಗುರುತನ್ನು ಹೊರಬೇಕಾದದ್ದು ಹಾಡು ಮತ್ತು ನಿರೂಪಕರ ಮಾತು ಮಾತ್ರ. ಜಾಹೀರಾತಿನ ಆದಾಯವನ್ನು ನೆಚ್ಚಿದ ಕೇಂದ್ರ ಎಲ್ಲರಿಗೂ ತಿಳಿಯುವ ಹಾಡನ್ನು ಹುಡುಕುತ್ತದೆ. 2011ರ ಜನಗಣತಿಯ ಪ್ರಕಾರ ಶೇ. 66.11 ಕೊಂಕಣಿ, ಶೇ. 10.89 ಮರಾಠಿ, ಶೇ. 10.29 ಹಿಂದಿ, ಶೇ. 4.65 ಕನ್ನಡ ಮಾತೃಭಾಷಿಕರಿರುವ, ಜೊತೆಗೆ ಪ್ರವಾಸಿಗರು ತುಂಬಿದ ರಾಜ್ಯದಲ್ಲಿ ಆ ಹಾಡು ಹಿಂದಿ ಚಿತ್ರಗೀತೆಯಾಗುತ್ತದೆ. ಕೊಂಕಣಿಯು ನಿರೂಪಕರ ಎರಡು ಮಾತಿಗೆ, ವಿಶೇಷ ದಿನಗಳ ಹಾಡಿಗೆ ಸರಿಯುತ್ತದೆ. ಮೂರನೆಯ ಎರಡು ಪಾಲು ಜನರ ಭಾಷೆ ತನ್ನ ರಾಜ್ಯದ ಬಾನುಲಿಯಲ್ಲಿ ಅಲ್ಪಸಂಖ್ಯಾತವಾಗುವ ವಿಚಿತ್ರ ಇದು.

ತಾಂತ್ರಿಕ ಬದಲಾವಣೆಯ ಇನ್ನೊಂದು ಫಲವನ್ನೂ ಹೇಳಬೇಕು. ಧಾರವಾಡದ 765 ಕಿಲೋಹರ್ಟ್ಸ್‌ನ ಮಧ್ಯಮ ತರಂಗಕ್ಕೆ ರಾಜ್ಯದ ಗಡಿ ಅಡ್ಡಿಯಾಗಿರಲಿಲ್ಲ. ರಾತ್ರಿಯ ಹೊತ್ತು ಅಂಥ ತರಂಗಗಳು ಇನ್ನೂ ದೂರ ಸಾಗುತ್ತವೆ. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣೋಟದ ಅಂತರದಲ್ಲಿ ನಿಲ್ಲುತ್ತದೆ, ಅದರಲ್ಲೂ ಪಶ್ಚಿಮ ಘಟ್ಟದ ಗೋಡೆಯ ಮುಂದೆ. ಹಿಂದೆ ಕೇಳುಗ ತನ್ನ ಭಾಷೆಯ ಕೇಂದ್ರವನ್ನು ದೂರದಿಂದಲೂ ಹುಡುಕಿಕೊಳ್ಳುತ್ತಿದ್ದ. ಈಗ ಹತ್ತಿರದ ಕೇಂದ್ರ ಕೊಟ್ಟದ್ದನ್ನು ಕೇಳಬೇಕು, ಇಲ್ಲವೇ ಮೊಬೈಲಿಗೆ ಹೋಗಬೇಕು. ವೆರ್ಣಾದ ದಿಣ್ಣೆಯ ಮೇಲಿನ ಕನ್ನಡದ ಕಾರ್ಮಿಕ ಎರಡನೆಯದನ್ನು ಆರಿಸಿಕೊಳ್ಳುತ್ತಾನೆ. ತನ್ನ ರಾಜ್ಯದಲ್ಲಿ ಕೊಂಕಣಿ, ತುಳುಗಳಿಗೆ ವೇಳೆ ಹಂಚುವ ದೊಡ್ಡ ಭಾಷೆಯಾದ ಕನ್ನಡ, ಇಲ್ಲಿ ಬಾನುಲಿಯ ಲೆಕ್ಕಕ್ಕೆ ಬಾರದ ಭಾಷೆ.

ಈ ಬಗೆಯ ಸಮಸ್ಯೆಗೆ ಬೇರೆ ದೇಶಗಳು ಬೇರೆ ಉತ್ತರಗಳನ್ನು ಕಂಡುಕೊಂಡಿವೆ. ಫ್ರಾನ್ಸ್ 1994ರ ಕಾಯಿದೆಯ ಮೂಲಕ ಬಾನುಲಿಯ ಜನಪ್ರಿಯ ಗೀತೆಗಳಲ್ಲಿ ಶೇ. 40ರ ಪಾಲನ್ನು ಫ್ರೆಂಚ್ ಗೀತೆಗಳಿಗೆ ನಿಗದಿಪಡಿಸಿತು. ಆದರೆ ಪಾಲು ನಿಗದಿಯಾದರೆ ಸಾಲದು, ಹಾಡಿನ ಭಂಡಾರವೂ ಅದರ ಹಕ್ಕುಗಳೂ ಬೇಕು ಎಂಬುದಕ್ಕೆ ವೇಲ್ಸ್ ಸಾಕ್ಷಿ. ವೆಲ್ಶ್ ಭಾಷೆಯ ಬಿಬಿಸಿ ರೇಡಿಯೊ ಕಮ್ರಿ 2013ರ ಆರಂಭದಲ್ಲಿ, ಗೌರವಧನದ ವಿವಾದದಿಂದಾಗಿ ಸುಮಾರು 30,000 ವೆಲ್ಶ್ ಹಾಡುಗಳನ್ನು ಪ್ರಸಾರ ಮಾಡುವ ಹಕ್ಕನ್ನು ಕೆಲವು ವಾರ ಕಳೆದುಕೊಂಡು, ಪ್ರಸಾರದ ಅವಧಿಯನ್ನೇ ಕಡಿತಗೊಳಿಸಬೇಕಾಯಿತು. ಸಣ್ಣ ಭಾಷೆಯ ಕೇಂದ್ರಕ್ಕೆ ಅದರ ಹಾಡುಗಾರರೇ ಆಧಾರ ಎಂಬುದು ಹಾಡು ನಿಂತಾಗ ತಿಳಿಯಿತು.

7. ಉಪಸಂಹಾರ

ಗೋವಾದ ಬಾನುಲಿಯ ಸಂಗೀತ ಏಕೆ ಅಸ್ಪಷ್ಟ ಎಂಬ ಪ್ರಶ್ನೆಗೆ ಈ ಇತಿಹಾಸ ಒಂದು ಉತ್ತರ ಕೊಡುತ್ತದೆ. ಎಮಿಸ್ಸೋರಾ ಹಾಡನ್ನು ಸಾಮ್ರಾಜ್ಯದ ದೃಷ್ಟಿಯಿಂದ ಆರಿಸಿತು, ಆಕಾಶವಾಣಿ ರಾಷ್ಟ್ರದ ದೃಷ್ಟಿಯಿಂದ, ಖಾಸಗಿ ಎಫ್‌ಎಂ ಮಾರುಕಟ್ಟೆಯ ದೃಷ್ಟಿಯಿಂದ. ಮೂರೂ ಕಾಲಗಳಲ್ಲಿ ಕೊಂಕಣಿ ಹಾಡು ಪ್ರಸಾರವಾಯಿತು. ಅದನ್ನು ಕೇಂದ್ರದ ಹೆಸರಾಗಿ ಮಾತ್ರ ಯಾರೂ ಮಾಡಿಕೊಳ್ಳಲಿಲ್ಲ. ಅಸ್ಪಷ್ಟವಾದದ್ದು ಜನರ ಅಭಿರುಚಿಯಲ್ಲ, ಆ ಅಭಿರುಚಿಗೆ ಸಂಸ್ಥೆಗಳು ಕೊಟ್ಟ ಖಾನೆಗಳು.

ಇದರ ಪರಿಣಾಮ ಪ್ರಸಾರಕ್ಕೆ ಸೀಮಿತವಾಗಿಲ್ಲ. ಖಾನೆಯಿಲ್ಲದ ಹಾಡಿಗೆ ದರ್ಜೆ ಸಿಗುವುದು ಕಷ್ಟ, ದರ್ಜೆಯಿಲ್ಲದ ಕಲಾವಿದರ ಧ್ವನಿಮುದ್ರಣ ಸಂಗ್ರಹಕ್ಕೆ ಸೇರುವುದು ಕಷ್ಟ, ಸಂಗ್ರಹದಲ್ಲಿ ಇಲ್ಲದ್ದು ಮುಂದಿನ ಸಂಶೋಧಕರ ಪಾಲಿಗೆ ಇಲ್ಲವೇ ಇಲ್ಲ. ಮಾಂಡೊವನ್ನು ಉಳಿಸಿದ್ದು ಇಬ್ಬರು ಸಂಗ್ರಾಹಕರ ಜೀವಮಾನದ ದುಡಿಮೆ. ತಿಯಾತ್ರದ ಕಾಂತಾರಗಳಿಗೆ, ಪಣಜಿ ಮತ್ತು ಮಂಗಳೂರು ಕೇಂದ್ರಗಳ ಕೊಂಕಣಿ ಧ್ವನಿಸುರುಳಿಗಳಿಗೆ, ಗೋವಾದ ಕನ್ನಡ ಕಾರ್ಮಿಕರ ಹಾಡಿಗೆ ಅಂಥ ದುಡಿಮೆ ಇನ್ನೂ ಸಲ್ಲಬೇಕಾಗಿದೆ. ಸಣ್ಣ ಭಾಷೆಗಳ ಅಧ್ಯಯನ ಕೇಂದ್ರಗಳು ಮುದ್ರಿತ ಪಠ್ಯಕ್ಕೆ ತೋರುವ ಆಸ್ಥೆಯನ್ನು ಧ್ವನಿಗೂ ತೋರುವುದು ಆ ಕೆಲಸದ ಮೊದಲ ಹೆಜ್ಜೆ. ಕೊಂಕಣಿ ಮತ್ತು ಕನ್ನಡ ಎರಡನ್ನೂ ಬಲ್ಲ ವಿದ್ವಾಂಸರಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಗಡಿಯ ಒಂದು ಬದಿಯಲ್ಲಿ ನಿಷೇಧಗೊಂಡ ಹಾಡು ಇನ್ನೊಂದು ಬದಿಯಲ್ಲಿ ಉಳಿದದ್ದನ್ನೂ, ಕ್ಯಾಸಲ್‌ರಾಕ್‌ನಿಂದ ಹೊರಟ ದನಿ ಪಣಜಿಯನ್ನು ತಲುಪಿದ್ದನ್ನೂ ಒಟ್ಟಿಗೆ ಕೇಳಬಲ್ಲವರು ಅವರೇ.